ಬಾಲ ಬಿಚ್ಚಿದ ಭಾನುವಾರ

ಮೊದಲೇ ಹೇಳಿಬಿಡುವುದು ಒಳ್ಳೆಯದು: ನನಗೆ ಈಜು ಬರುವುದಿಲ್ಲ. ಕಾರವಾರದ ಹಬ್ಬುವಾಡದಲ್ಲಿ ಮನೆ, ಬೋಟಿನ ಎಂಜಿನ್ ರಿಪೇರಿ ಹೊಟ್ಟೆಪಾಡು, ಆದರೂ ನೀರು ಸೊಂಟ ದಾಟಿದರೆ ನನ್ನ ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಬೋಟಿನೊಳಗೆ ನೀರು ಬರಬಾರದು ಎಂಬ ವಿಷಯದಲ್ಲಿ ನನಗಿರುವ ಶ್ರದ್ಧೆ ಈಜು ಬಲ್ಲ ಮಿಸ್ತ್ರಿಗಳಿಗೆ ಇರಲಾರದು ಎಂದು ನಾನು ನಂಬಿಕೊಂಡಿದ್ದೇನೆ. ಹೆಂಡತಿ ಇದನ್ನು ಶ್ರದ್ಧೆ ಎಂದು ಕರೆಯುವುದಿಲ್ಲ. "ಇವರು ಊಟಕ್ಕೆ ಕೂತ್ರೂ ಮೊದಲು ಬಾಳೆಲೆ ಸೋರ್ತದಾ ನೋಡ್ತಾರೆ" ಎಂದು ನೆಂಟರ ಮುಂದೆ ಹೇಳುತ್ತಾಳೆ. ನೆಂಟರು ನಗುತ್ತಾರೆ. ನಾನು ಎಲೆಯ ಸೀಳು ಎಲ್ಲಿದೆ ಎಂದು ನೋಡಿಕೊಂಡೇ ಸಾರು ಬಡಿಸಿಕೊಳ್ಳುತ್ತೇನೆ.

ಇದು ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆದಮೇಲಿನ ಒಂದು ಅಕ್ಟೋಬರಿನ ಮಾತು. ಆಗಷ್ಟೇ ನನ್ನ ಕೈಗೆ ಮೊಬೈಲ್ ಬಂದಿತ್ತು. ಅಂಕೋಲಾ ತಾಲೂಕಿನ ಹಾರವಾಡದ ಕಡಲತಡಿಯಲ್ಲಿ ಮಾತ್ರ ಅದು ಸಿಗ್ನಲ್ ಬೇಕಾದರೆ ತೆಂಗಿನಮರ ಹತ್ತು ಎನ್ನುತ್ತಿತ್ತು.

ಹಾರವಾಡದ ಒಬ್ಬ ತಾಂಡೇಲ ಬಲೆಯ ಕೆಲಸ ಬಿಟ್ಟಿದ್ದ. ಮೀನಿನ ಬೋಟು ನಡೆಸುವ ನಾಯಕನನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಮೂವತ್ತು ಜನರ ತಂಡ ನಡೆಸುತ್ತಿದ್ದವನು, ಅದನ್ನೆಲ್ಲ ತಮ್ಮನಿಗೆ ವಹಿಸಿ, ಗೋವಾದಿಂದ ಒಂದು ಹಳೆಯ ಫೈಬರ್ ಬೋಟು ತಂದು ಪ್ರವಾಸಿಗರಿಗೆ ಡಾಲ್ಫಿನ್ ತೋರಿಸಲು ಹೊರಟಿದ್ದ. ಬೋಟಿನ ಕಾಗದ ಹೆಂಡತಿಯ ಹೆಸರಿನಲ್ಲಿತ್ತು. ಊರಿನವರಿಗೆ ಇದೊಂದು ತಮಾಷೆ. "ಮೀನು ಹಿಡಿಯೂದು ಬಿಟ್ಟು ಮೀನು ತೋರ್ಸೂಕೆ ಹೊಂಟ್ಯಾ?" ಎಂದು ಎದುರಿಗೇ ಕೇಳುತ್ತಿದ್ದರು. ಬೋಟಿಗೆ ಅವರಿಟ್ಟ ಹೆಸರು ಬಾಲದ ದೋಣಿ.

ಬಾಲ ಎಂದದ್ದು ಸುಳ್ಳಲ್ಲ. ಈ ಬೋಟಿನಲ್ಲಿ ಎಂಜಿನ್ ಒಳಗೆ, ಹಿಂಬದಿಯ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಗೋಡೆಯ ಆಚೆ, ನೀರಿಗೆ ಇಳಿಬಿಟ್ಟ ಕಾಲಿನಂತೆ ಗೇರುಗಳಿರುವ ಒಂದು ಪೆಟ್ಟಿಗೆ. ಅದರ ತುದಿಯಲ್ಲಿ ನೀರು ತಳ್ಳುವ ಪಂಖ. ಪುಸ್ತಕದಲ್ಲಿ ಅದಕ್ಕೆ ಸ್ಟರ್ನ್‌ಡ್ರೈವ್ ಎಂದು ಹೆಸರು. ಒಳಗಿನ ಎಂಜಿನ್ನಿಗೂ ಹೊರಗಿನ ಬಾಲಕ್ಕೂ ನಡುವೆ ಗೋಡೆಯಲ್ಲಿ ಒಂದು ತೂತು, ತೂತಿನಲ್ಲಿ ಬೇರಿಂಗು, ಬೇರಿಂಗಿನೊಳಗೆ ಹಾದುಹೋಗುವ ಶಾಫ್ಟು. ಬಾಲ ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಆಡಬೇಕು. ಆದ್ದರಿಂದ ಆ ಶಾಫ್ಟಿನ ಸುತ್ತ ಹಾರ್ಮೋನಿಯಮ್ಮಿನ ತಿದಿಯಂಥ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಇರುತ್ತದೆ. ಈ ತಿದಿ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಅರಬ್ಬಿ ಸಮುದ್ರಕ್ಕೂ ಬೋಟಿನ ಒಳಗಿರುವವರಿಗೂ ಮಧ್ಯೆ ಆ ಜಾಗದಲ್ಲಿರುವುದು ಚಪ್ಪಲಿಯಷ್ಟು ದಪ್ಪದ ರಬ್ಬರು. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ಊಟ ಸೇರಲಿಲ್ಲ.

ಹಿಂದಿನ ಸೀಸನ್ನಿನ ಕೊನೆಗೆ ಪಂಖದ ಹಿಂದೆ ಬಲೆಯ ತಂಗೂಸು ಸುತ್ತಿಕೊಂಡು, ಆ ನೈಲಾನ್ ದಾರವೇ ಎಣ್ಣೆಯ ಸೀಲನ್ನು ಕೊಯ್ದು ಹಾಕಿತ್ತು. ಗೇರಿನ ಎಣ್ಣೆಗೆ ಉಪ್ಪುನೀರು ಸೇರಿ ಹಾಲು ಹಾಕಿದ ಚಹದ ಬಣ್ಣಕ್ಕೆ ಬಂದಿತ್ತು. ಗೋವಾದ ಒಬ್ಬ ಮಿಸ್ತ್ರಿ ಬಂದು ಬಾಲವನ್ನು ಬಿಚ್ಚಿಕೊಂಡು ಹೋದ, ತಿದಿ ಬೋಟಿನಲ್ಲೇ ಉಳಿಯಿತು. ಮಳೆಗಾಲ ಮುಗಿದ ಮೇಲೆ ತಾನೇ ಬಂದು ಕೂರಿಸಿಕೊಡುತ್ತೇನೆ ಎಂದಿದ್ದ. ಅಕ್ಟೋಬರಿನಲ್ಲಿ ಅವನ ಸೊಂಟ ಹಿಡಿದುಕೊಂಡಿತು. ಬಾಲ ತುಂಬಿದ ಪೆಟ್ಟಿಗೆಯೊಂದೇ ಮಡಗಾಂವ್ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿನಲ್ಲಿ ಶುಕ್ರವಾರ ಹಾರವಾಡ ಸ್ಟೇಶನ್ನಿಗೆ ಬಂದಿಳಿಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾರವಾರದ ಧಕ್ಕೆಯಲ್ಲಿ ಸರ್ವೆಯರ್ ಸಾಹೇಬರು ಬೋಟು ನೋಡುವವರಿದ್ದರು. ಅವರು ಪಾಸ್ ಮಾಡಿದರೆ ಆ ಸೀಸನ್ನಿಗೆ ಜನ ಹತ್ತಿಸುವ ಪರವಾನಗಿ. ಇಲ್ಲದಿದ್ದರೆ ಮುಂದಿನ ವರ್ಷ, ಆ ಜಾಗ ಬೇರೆ ಬೋಟಿಗೆ. ತಾಂಡೇಲನಿಗೆ ಹಿಂದೆ ಹೋಗಲು ದಾರಿ ಇರಲಿಲ್ಲ. ಹೋದರೆ ತಮ್ಮನ ತಂಡದಲ್ಲಿ ಹಗ್ಗ ಎಳೆಯುವ ಆಳಾಗಿ ನಿಲ್ಲಬೇಕಿತ್ತು, ಅದೂ ಊರಿನವರ ಕಣ್ಣೆದುರು.

ಪೆಟ್ಟಿಗೆ ಬರುವ ಎರಡು ದಿನ ಮೊದಲು ಅವನು ನನ್ನನ್ನು ಕರೆಯಲು ಬಂದಾಗ ನಾನು ಹೇಳಬೇಕಾಗಿದ್ದದ್ದು, "ಈ ಬಾಲದ ಬೋಟು ನಾನು ಮುಟ್ಟಿಯೇ ಇಲ್ಲ ಮಾರಾಯಾ" ಎಂದು. ಹೇಳಿದ್ದು, "ಅದೇನು ದೊಡ್ಡದು, ಆರು ನಟ್ಟು" ಎಂದು. ಹೆದರುವವನಿಗೆ ಬಡಾಯಿ ಕೊಚ್ಚುವ ಹಕ್ಕಿಲ್ಲ ಎಂದು ಎಲ್ಲಿಯೂ ಬರೆದಿಲ್ಲವಲ್ಲ. ಅವನು ಅತ್ತ ಹೋಗುತ್ತಲೇ ಗೋವಾದ ಮಿಸ್ತ್ರಿಗೆ ಫೋನು ಹಚ್ಚಿ ಅರ್ಧ ತಾಸು ಪಾಠ ಹೇಳಿಸಿಕೊಂಡೆ. ಹೊಸ ತಿದಿ ಒಂದು, ಗ್ಯಾಸ್ಕೆಟ್ಟು ಎರಡು ಸೇರಿಸಿ ಕಳಿಸು ಎಂದೂ ಹೇಳಿದೆ. "ತಿದಿ ಚೆನ್ನಾಗಿಯೇ ಇದೆ, ನಾನೇ ನೋಡಿದ್ದೇನೆ" ಎಂದ. "ಇರಲಿ, ಕಳಿಸು" ಎಂದೆ. ಫೋನಿನಲ್ಲಿ ಅವನು ನಕ್ಕದ್ದು ಸೊಂಟನೋವಿನವನ ನಗುವಿನಂತೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಬೋಟು ಮರಳ ಮೇಲೆ, ಗಾಳಿಮರಗಳ ಬುಡದಲ್ಲಿ, ತೆಂಗಿನ ಗರಿ ಹೆಣೆದ ಮಡ್ಲಿನ ಚಪ್ಪರದಡಿ ಇತ್ತು. ಅಲೆಗಳಿಂದ ಐವತ್ತು ಹೆಜ್ಜೆ ದೂರ. ಮೂರು ಬಿದಿರು ನಿಲ್ಲಿಸಿ, ನಡುವೆ ಚೈನ್ ಪುಲ್ಲಿ ಕಟ್ಟಿ, ಬಾಲವನ್ನು ತೂಗುಹಾಕಿದೆವು. ಅದರ ಭಾರ ಒಂದು ಅಕ್ಕಿಮೂಟೆಗಿಂತ ಹೆಚ್ಚು. ಅಕ್ಕಿಮೂಟೆ ಬಿದ್ದರೆ ಒಡೆಯುವುದಿಲ್ಲ ಎಂಬುದು ವ್ಯತ್ಯಾಸ. ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಮೆತ್ತಿದೆ, ಹೊಸ ಗ್ಯಾಸ್ಕೆಟ್ಟು ಕೂರಿಸಿದೆ, ಗೇರನ್ನು ಮುಂದಿನ ಸ್ಥಾನಕ್ಕೆ ಹಾಕಿದೆ. ನಾನು ಬಾಲವನ್ನು ಮುಂದಕ್ಕೆ ಒತ್ತುವುದು, ತಾಂಡೇಲ ಪಂಖವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುವುದು. ಹಲ್ಲಿಗೆ ಹಲ್ಲು ಸಿಕ್ಕರೆ ತಾನಾಗಿ ಒಳಗೆ ಹೋಗುತ್ತದೆ ಎಂದಿದ್ದ ಗೋವಾದವನು.

ಹೋಯಿತು. ನಾಲ್ಕು ಬೆರಳು ಬಾಕಿ ಇರುವಾಗ ನಿಂತಿತು.

ಹಿಂದೆ ತೆಗೆದೆವು, ಮತ್ತೆ ಒತ್ತಿದೆವು. ನಾಲ್ಕು ಬೆರಳು. ಪಂಖ ಎಷ್ಟು ತಿರುಗಿಸಿದರೂ ನಾಲ್ಕು ಬೆರಳು.

"ಒಂದ್ ಏಟು ಹಾಕ್ವಾ ಮಿಸ್ತ್ರಿ?" ತಾಂಡೇಲ ಮರದ ಕೊಡತಿ ಎತ್ತಿಕೊಂಡೇ ಕೇಳಿದ.

"ಹಾಕಿದ್ರೆ ಹೋಗ್ತದೆ. ಆಮೇಲೆ ನಿನ್ನ ಎಂಜಿನ್ನಿನ ಹಲ್ಲೂ ಹೋಗ್ತದೆ."

"ಆರು ನಟ್ಟು ಅಂದಿದ್ದೆ ನೀನು."

"ನಟ್ಟು ಆರೇ. ಅಲ್ಲಿವರೆಗೆ ಹೋಗಿ ಮುಟ್ಟಬೇಕಲ್ಲ."

ಎಂಜಿನ್ನೂ ಬೇರಿಂಗೂ ಒಂದೇ ಗೆರೆಯಲ್ಲಿ ಇಲ್ಲ ಎಂದು ಅಂದಾಜಾಯಿತು. ಅದನ್ನು ನೋಡಲು ಒಂದು ನೇರ ಸರಳು ಬೇಕು. ಗೋವಾದವನ ಹತ್ತಿರ ಇತ್ತು, ಅವನ ಸೊಂಟದ ಹಾಗೆ ಅದೂ ಗೋವಾದಲ್ಲೇ ಇತ್ತು. ಅಳತೆ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಕಾರವಾರಕ್ಕೆ ಬಂದೆ. ಹಳೆಯ ಟ್ರಾಲರ್ ಶಾಫ್ಟಿನ ತುಂಡೊಂದನ್ನು ಪರಿಚಯದ ಲೇತಿನಲ್ಲಿ ಕಡೆಸಿದೆ. ಒಂದು ತುದಿ ಬೇರಿಂಗಿನಲ್ಲಿ ಅಲುಗಾಡದೆ ಕೂರಬೇಕು, ಇನ್ನೊಂದು ತುದಿ ಎಂಜಿನ್ನಿನ ಹಲ್ಲುಗಳಿಗೆ ಸರಿಹೊಂದಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅದು ಅಳತೆಗೋಲಲ್ಲ, ಬರೀ ಕಬ್ಬಿಣ. ಲೇತಿನವನ ಹತ್ತಿರ ಮೂರು ಸಲ ವರ್ನಿಯರ್ ಹಿಡಿಸಿದೆ. ನಾಲ್ಕನೇ ಸಲಕ್ಕೆ ಅವನು ವರ್ನಿಯರನ್ನೇ ನನ್ನ ಕೈಗೆ ಕೊಟ್ಟು ಚಹ ಕುಡಿಯಲು ಹೋದ.

ಭಾನುವಾರ ಬೆಳಿಗ್ಗೆ ಸರಳು ಹಾಕಿ ನೋಡಿದಾಗ ತಿಳಿಯಿತು, ಬೇರಿಂಗು ವಾರೆಯಾಗಿ ಕೂತಿತ್ತು. ಅದು ಗುಂಡಗೆ ಕಣ್ಣುಗುಡ್ಡೆಯಂತೆ ತಿರುಗುವ ಜಾತಿಯದು. ಸರಳಿನ ಹೊರತುದಿಗೆ ಮರದ ಕೊಡತಿಯಿಂದ ಮೇಲೆ, ಕೆಳಗೆ, ಪಕ್ಕಕ್ಕೆ ಹಗುರ ತಟ್ಟಿ ನೇರ ಮಾಡಿದೆ. ಮೊದಲ ಸಲ ಸರಳು ಹೊರಗೆ ತೆಗೆದಾಗ ಗ್ರೀಸಿನ ಜೊತೆ ಒಂದು ಕಂದು ಎಳೆ ಬಂತು. ಬನಿಯನ್ ಬಟ್ಟೆಗೆ ಒರೆಸಿದೆ. ತೆಂಗಿನ ನಾರು ಹಾರವಾಡದಲ್ಲಿ ಗಾಳಿಯಲ್ಲೇ ಇರುತ್ತದೆ.

ಆಮೇಲೆ ಎಂಜಿನ್ನಿನ ಮುಂಗಾಲಿನ ನಟ್ಟುಗಳು. ಸರಳಿನ ತುದಿಗೆ ಗ್ರೀಸು ಬಳಿದು ಒಳಗೆ ತೂರಿಸಿ ತೆಗೆದರೆ ಹಲ್ಲುಗಳು ಎಲ್ಲಿ ತಾಗಿವೆ ಎಂದು ಗುರುತು ಬಿದ್ದಿರುತ್ತದೆ. ಕೆಳಗಡೆ ಮಾತ್ರ ಬಿದ್ದಿದ್ದರೆ ಎಂಜಿನ್ ಎತ್ತರ ಕೂತಿದೆ, ಮೇಲುಗಡೆ ಮಾತ್ರವಾದರೆ ತಗ್ಗಿದೆ ಎಂದರ್ಥ. ಅರ್ಧ ಸುತ್ತು ತಿರುಗಿಸು, ಒರೆಸು, ಬಳಿ, ತೂರಿಸು, ನೋಡು. ಹೀಗೆ ಹನ್ನೊಂದು ಸಲ. ಹನ್ನೊಂದನೆಯದಕ್ಕೆ ಗುರುತು ಸುತ್ತಲೂ ಸಮನಾಗಿ, ಅಚ್ಚು ಹೊಡೆದಂತೆ ಬಿತ್ತು. ಅದನ್ನು ಯಾರಿಗಾದರೂ ತೋರಿಸಬೇಕೆನಿಸಿ ತಾಂಡೇಲನ ಹೆಂಡತಿಯನ್ನು ಕರೆದೆ. ಅವಳು ಸರಳಿನ ತುದಿಯನ್ನು ನೋಡಿ, "ಚಂದ ಬಂದಿದೆ ಅಣ್ಣಾ, ಚಕ್ಕುಲಿ ಹಾಗೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಬಾಲವನ್ನು ಮತ್ತೆ ತೂಗಿ ಒತ್ತಿದೆವು. ಪಂಖ ಅರ್ಧ ಬೆರಳು ತಿರುಗಿತೋ ಇಲ್ಲವೋ, ಆ ನಾಲ್ಕು ಬೆರಳು ಬೆಣ್ಣೆಗೆ ಕತ್ತಿ ಇಳಿದಂತೆ ಒಳಗೆ ಹೋಗಿ 'ಟಕ್' ಎಂದಿತು. ಆರು ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಬಿಗಿತ ಅಳೆಯುವ ಟಾರ್ಕ್ ಪಾನಾ ಹಿಡಿದು, ಮೂರು ಸುತ್ತಿನಲ್ಲಿ ಬಿಗಿದೆ. ಎತ್ತಿ ಇಳಿಸುವ ಎರಡು ದಂಡಗಳ ಪಿನ್ನು ಹಾಕಿದೆ. ಎಣ್ಣೆ ನೋಡಿದೆ. ಎಂಜಿನ್ ಚಾಲೂ ಮಾಡಿ ನೋಡುವಂತಿರಲಿಲ್ಲ. ನೀರಿಲ್ಲದೆ ನಡೆಸಿದರೆ ನೀರೆಳೆಯುವ ಪಂಪಿನ ರಬ್ಬರ್ ರೆಕ್ಕೆಗಳು ಸುಟ್ಟುಹೋಗುತ್ತವೆ.

ಸಂಜೆ ನಾಲ್ಕೂವರೆಗೆ ಭರತಿ, ಎಂದರೆ ನೀರು ತುಂಬಿ ಮೇಲೇರುವ ಹೊತ್ತು. ಆಗ ಬೋಟು ಇಳಿಸುವುದೆಂದು ನಿಶ್ಚಯ. ಮೂರೂವರೆಗೇ ಊರಿನ ಗಂಡಸರು ಸೇರತೊಡಗಿದರು, ನಲವತ್ತು ಜನ ಇದ್ದಾರು. ಬೋಟು ಎಳೆಯುವುದಕ್ಕೆ ಅಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ. ಬೆಳಿಗ್ಗೆ ನಗೆಯಾಡಿದವನೂ ಸಂಜೆ ಹಗ್ಗಕ್ಕೆ ಕೈ ಹಾಕುತ್ತಾನೆ. ಹಗ್ಗದ ಯಜಮಾನಿಕೆ ತಾಂಡೇಲನ ದೊಡ್ಡಪ್ಪನದು. ಎಂಬತ್ತರ ಹತ್ತಿರದ ಅಜ್ಜ. ಯಾವ ದೋಣಿಗೆ ಎಲ್ಲಿ ಗಂಟು, ಯಾವಾಗ 'ಹೈಸೋ', ಎಲ್ಲ ಅವನ ಬಾಯಿಂದಲೇ ಬರಬೇಕು. ತಾಂಡೇಲನ ಹೆಂಡತಿ ಆರತಿ ತಟ್ಟೆ ತಂದು ಇಟ್ಟಳು. ಪಂಖಕ್ಕೆ ಅಬ್ಬಲಿಗೆ ಹೂವಿನ ದಂಡೆ. ಬಾಳೆನಾರಿನಲ್ಲೇ ಕಟ್ಟಿದ್ದಾ, ತಂಗೂಸಿನಲ್ಲಾ ಎಂದು ನಾನು ಎರಡು ಸಲ ಕೇಳಿದೆ. ಅವಳು ದಂಡೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು ನಾರು ತೋರಿಸಿದಳು.

ನಾನು ಕೈ ತೊಳೆಯಲು ಕೂತೆ. ಗ್ರೀಸು ಒರೆಸಲು ಬೆಳಿಗ್ಗೆಯ ಅದೇ ಬನಿಯನ್ ಬಟ್ಟೆ ಎತ್ತಿಕೊಂಡರೆ ಆ ಕಂದು ಎಳೆ ಅಲ್ಲೇ ಅಂಟಿಕೊಂಡಿತ್ತು. ಬಿಸಾಡುವ ಮೊದಲು ಬೆರಳಲ್ಲಿ ಉಜ್ಜಿದೆ. ಸುಮ್ಮನೆ ಹಾರಿ ಬಂದ ನಾರು ನೇರವಾಗಿರುತ್ತದೆ. ಇದಕ್ಕೆ ಹುರಿ ಇತ್ತು. ಯಾರೋ ಹೊಸೆದ ನಾರು ಅದು, ಹಗ್ಗದ ನಾರು. ಬೇರಿಂಗಿನ ಒಳಗೆ ಕತ್ತದ ಹಗ್ಗಕ್ಕೆ ಏನು ಕೆಲಸ?

"ಮಳೆಗಾಲದಲ್ಲಿ ಈ ಬೋಟು ಎಳೆದಿದ್ರಾ?" ಎಂದು ಕೇಳಿದೆ.

"ಎಳೀದೇ ಮತ್ತೆ?" ಅಜ್ಜನೇ ಉತ್ತರ ಕೊಟ್ಟ. "ಶ್ರಾವಣದಲ್ಲಿ ತೆರೆ ಚಪ್ಪರದ ಬುಡಕ್ಕೇ ಬಂದಿತ್ತು. ಒಂದೇ ದಮ್ಮಿಗೆ ಮೇಲೆ ತಕಂಡು ಬಂದ್ವು."

"ಹಗ್ಗ ಎಲ್ಲಿ ಕಟ್ಟಿದ್ರಿ ಅಜ್ಜಾ?"

"ಎಲ್ಲಿ ಅಂದ್ರೆ? ಹಿಂದೆ ಆ ಕಬ್ಬಿಣದ ಬಳೆ ಇದ್ಯಲ್ಲ, ಅದ್ಕೆ. ಬಾಲ ತೆಗೆದ ಮೇಲೆ ಬಳೆ ಖಾಲಿನೇ ಇತ್ತು ತಮಾ. ಹಗ್ಗಕ್ಕೆ ಅಂತ್ಲೇ ಮಾಡ್ದಂಗೆ ಇದೆ."

ಅವನು ಬಳೆ ಎಂದದ್ದು ಬಾಲವನ್ನು ಹಿಡಿಯುವ ಉಂಗುರ. ಅದರ ಸುತ್ತ ಹಗ್ಗ ಹಾಕಿ ನಲವತ್ತು ಜನ ಎಳೆದಿದ್ದಾರೆ ಎಂದರೆ, ಹಗ್ಗ ಕೂತದ್ದು ಉಂಗುರದ ಕೆಳಗಿರುವ ತಿದಿಯ ಮೇಲೆ. ಬೇರಿಂಗು ವಾರೆಯಾದದ್ದು ಯಾಕೆಂದು ಈಗ ತಿಳಿಯಿತು. ಯಾರೂ ಮುಚ್ಚಿಟ್ಟಿರಲಿಲ್ಲ. ದೋಣಿ ಎಳೆಯುವುದು ಅವರಿಗೆ ಬಾಗಿಲು ಹಾಕಿಕೊಂಡಷ್ಟೇ ಸಹಜ. ಅದನ್ನು ಮಿಸ್ತ್ರಿಗೆ ಹೇಳಬೇಕೆಂದು ಯಾರಿಗೆ ಹೊಳೆಯಬೇಕು?

ಬೋಟಿನಡಿ ಮಲಗಿ ಟಾರ್ಚ್ ಹಾಕಿ ನೋಡಿದೆ. ಕಣ್ಣಿಗೆ ಕಾಣುವ ಮಡಿಕೆಗಳೆಲ್ಲ ಚೆನ್ನಾಗಿದ್ದವು. ಕೆಳಗಿನ ಮಡಿಕೆಗಳ ಒಳಸಂದು ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಬಾಲ ಬಿಚ್ಚಬೇಕು.

ತಾಂಡೇಲನೂ ಪಕ್ಕದಲ್ಲಿ ಬಂದು ಮಲಗಿದ. "ರಬ್ಬರು ಚಂದ ಇದ್ಯಲ್ಲ ಮಿಸ್ತ್ರಿ."

"ಕಾಣೂದು ಚಂದ ಇದೆ."

"ಸ್ವಲ್ಪ ನೀರು ಬಂದ್ರೂ ಒಳಗೆ ಪಂಪ್ ಇದೆ. ನಾಳೆ ಪಾಸಾಗ್ಲಿ, ಮಂಗಳವಾರ ಬಿಚ್ಚಿ ನೋಡ್ವ." ನಾನು ಟಾರ್ಚನ್ನು ಇನ್ನೊಮ್ಮೆ ಮಡಿಕೆಗಳತ್ತ ತಿರುಗಿಸಿದೆ. ಅವನು ದನಿ ತಗ್ಗಿಸಿ ಕೇಳಿದ, "ಮತ್ತೆ ಮುಚ್ಚಳಾ?"

ಈ ಮುಚ್ಚಳದ ಕಥೆ ಹೇಳದೆ ವಿಧಿಯಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಕಾರವಾರದಲ್ಲಿ ಒಂದು ಟ್ರಾಲರಿನ ಗೇರ್‌ಬಾಕ್ಸಿನಲ್ಲಿ ಕಟಕಟ ಶಬ್ದ ಕೇಳಿ, ಹೊರಟು ನಿಂತ ಬೋಟನ್ನು ತಡೆದು, ಇಡೀ ದಿನ ಗೇರ್‌ಬಾಕ್ಸ್ ಬಿಚ್ಚಿದ್ದೆ. ಒಳಗೆ ಏನೂ ಇರಲಿಲ್ಲ. ಶಬ್ದ ಬರುತ್ತಿದ್ದದ್ದು ಅಡುಗೆಯವನ ಅನ್ನದ ಪಾತೇಲಿ ಮುಚ್ಚಳದಿಂದ. ಕರಾವಳಿಯಲ್ಲಿ ಇಂಥ ಸುದ್ದಿಗೆ ಎಂಜಿನ್ ಬೇಡ. ನಾನು ಹಾರವಾಡಕ್ಕೆ ಕಾಲಿಡುವ ಮೊದಲೇ ಮುಚ್ಚಳ ಅಲ್ಲಿ ತಲುಪಿತ್ತು.

ಈ ಭರತಿ ತಪ್ಪಿದರೆ ಮುಂದಿನದು ನಸುಕಿನ ಐದಕ್ಕೆ. ಅಷ್ಟರೊಳಗೆ ಬಿಚ್ಚಿ, ನೋಡಿ, ಮತ್ತೆ ಕೂರಿಸಬೇಕು. ಏನೂ ಇಲ್ಲದಿದ್ದರೆ ಎರಡನೇ ಮುಚ್ಚಳ. ಆಮೇಲೆ ಈ ಕರಾವಳಿಯಲ್ಲಿ ನನಗೆ ಸ್ಪ್ಯಾನರ್ ಕೊಡುವವರು ಯಾರೂ ಇರುವುದಿಲ್ಲ. ಬಿಚ್ಚದಿದ್ದರೆ? ಬಾಲ ನೇರ ನಿಂತಾಗ ಮಡಿಕೆ ಮುಚ್ಚಿಕೊಂಡಿರುತ್ತದೆ, ನೀರು ಬಾರದೆಯೂ ಇರಬಹುದು. ಪಾಸೂ ಆಗಬಹುದು. ಆಮೇಲೊಂದು ದಿನ ಹತ್ತು ಜನರನ್ನು ಕೂರಿಸಿಕೊಂಡು ಡಾಲ್ಫಿನ್ ಹಿಂದೆ ಜೋರಾಗಿ ತಿರುಗಿಸಿದಾಗ ಮಡಿಕೆ ಬಾಯಿ ಬಿಡುತ್ತದೆ. ಆ ಹತ್ತು ಜನರಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ? ನನ್ನಂಥವರೇ ಹೆಚ್ಚು. ಅದು ನನಗೆ ಚೆನ್ನಾಗಿ ಗೊತ್ತು.

ನಾನು ಧೈರ್ಯಸ್ಥನಾಗಿ ನಿರ್ಧಾರ ಮಾಡಿದೆ ಎಂದು ಬರೆದರೆ ಹೆಂಡತಿ ನಗುತ್ತಾಳೆ. ಎರಡು ಹೆದರಿಕೆಗಳಲ್ಲಿ ದೊಡ್ಡದು ಗೆದ್ದಿತು, ಅಷ್ಟೇ.

"ಬಿಚ್ಚುವ" ಎಂದೆ.

ಹಿಂದಿನಿಂದ ಯಾರೋ, "ಮುಚ್ಚಳ ಬಿತ್ತು, ಮನೀಗೆ ನಡೀರಿ" ಎಂದ. ನಗು ಎದ್ದಿತು. ತಾಂಡೇಲ ನಗಲಿಲ್ಲ, ಬೈಯಲೂ ಇಲ್ಲ. ಅದೇ ಕಷ್ಟದ್ದು. ಆರತಿ ತಟ್ಟೆ ಎತ್ತಿ ಹೆಂಡತಿಯ ಕೈಗೆ ಕೊಟ್ಟು, ಸ್ಪ್ಯಾನರ್ ಪೆಟ್ಟಿಗೆ ತಂದು ನನ್ನ ಪಕ್ಕ ಇಟ್ಟ. ಅಜ್ಜ ಮಾತ್ರ ಕೇಳಿದ, "ನನ್ ಹಗ್ಗದಿಂದ ದೋಣಿ ಹಾಳಾಯ್ತು ಅಂತೀಯಾ ತಮಾ? ಅರವತ್ತು ವರ್ಷದಲ್ಲಿ ಒಬ್ಬ ಹೇಳ್ಲಿಲ್ಲ."

"ಗೊತ್ತಿಲ್ಲ ಅಜ್ಜಾ. ಅದಕ್ಕೇ ಬಿಚ್ಚೂದು."

ಅವನು ನನ್ನ ಕಡೆ ಬೆನ್ನು ಮಾಡಿ ಮರಳಲ್ಲಿ ಕೂತ.

ಕೂರಿಸಲು ಎರಡು ದಿನ ತಿಂದ ಬಾಲ ಬಿಚ್ಚಲು ಮುಕ್ಕಾಲು ತಾಸು ಸಾಕಾಯಿತು. ತಿದಿಯ ಮಡಿಕೆಗಳನ್ನು ಒಂದೊಂದಾಗಿ ಬೆರಳಿನಿಂದ ಅಗಲಿಸಿ ನೋಡುತ್ತ ಬಂದೆ. ಮೊದಲನೆಯದು ಸರಿ, ಎರಡನೆಯದು ಸರಿ. ತಾಂಡೇಲ ನನ್ನ ಮುಖವನ್ನೇ ನೋಡುತ್ತಿದ್ದ. ಮೂರನೇ ಮಡಿಕೆಯ ತಳದಲ್ಲಿ, ರಬ್ಬರು ಚಿವುಟಿಕೊಂಡಿದ್ದ ಕಡೆ, ಬೆರಳಿಗೆ ಅಂಚು ಸಿಕ್ಕಿತು. ಎಳೆದು ಅಗಲಿಸಿದಾಗ ಬಾಯಿ ಬಿಟ್ಟಿತು. ಕಿರುಬೆರಳಿನ ತುದಿ ಹೋಗುವಷ್ಟು ಸೀಳು. ಸೀಳಿನ ತುಟಿಯಲ್ಲಿ ಕತ್ತದ ನಾರು.

ನಾನು ಸರಿ ಎಂದು ಸಾಬೀತಾದ ಗಳಿಗೆಗಳು ನನ್ನ ಬಾಳಿನಲ್ಲಿ ಕಡಿಮೆ. ಖುಷಿಯಾಗಬೇಕಿತ್ತು. ಅಷ್ಟು ಸೀಳಿನಿಂದ ತಾಸಿಗೆ ಎಷ್ಟು ಕೊಡ ನೀರು ಬರುತ್ತಿತ್ತೆಂದು ಲೆಕ್ಕ ಹಾಕುತ್ತ ಅಲ್ಲೇ ಕೂತೆ. ತಾಂಡೇಲ ಸೀಳನ್ನು ನೋಡಿದ, ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಆಮೇಲೆ ದೊಡ್ಡಪ್ಪನನ್ನು ಕೈಹಿಡಿದು ಕರೆತಂದ. ಅಜ್ಜನ ಕಣ್ಣು ಅಷ್ಟು ಸೂಕ್ಷ್ಮ ಕಾಣುತ್ತಿರಲಿಲ್ಲ. ಅವನ ಕಿರುಬೆರಳನ್ನು ಹಿಡಿದು ಸೀಳಿಗೆ ಮುಟ್ಟಿಸಿದೆ. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಜ್ಜ ಎದ್ದು ಹೋದ. ಅವನಿಗೆ ನಲವತ್ತು ಜನರ ಎದುರು ಹಾಗೆ ಮಾಡಬಾರದಿತ್ತು ಎಂದು ಈಗಲೂ ಅನಿಸುತ್ತದೆ. ಆಗ ನನಗೆ ಬೆರಳಿನ ಹೊರತು ಬೇರೆ ದಾರಿ ಹೊಳೆಯಲಿಲ್ಲ.

ಗೋವಾದವನು ನಕ್ಕು ಕಳಿಸಿದ ಹೊಸ ತಿದಿ ಪೆಟ್ಟಿಗೆಯ ಬುಡದಲ್ಲಿತ್ತು. ಅದನ್ನು ಹಾಕಲು ಬಾಲ ಕೂರುವ ಎರಕದ ತುಂಡನ್ನೂ ಅದರ ಎರಡು ಕೀಲಿನಿಂದ ಬಿಡಿಸಬೇಕು, ಅದಕ್ಕೊಂದು ಬೇರೆಯೇ ಕೀ ಬೇಕು. ಅಲೆನ್ ಕೀ ಒಂದನ್ನು ಗರಗಸದಲ್ಲಿ ತುಂಡರಿಸಿ, ಸಾಕೆಟ್ಟಿನೊಳಗೆ ಬಡಿದು ಕೂರಿಸಿ ಕೆಲಸ ನಡೆಸಿದೆ. ರಬ್ಬರಿನ ಬಾಯಿಗೆ ಅಂಟು ಬಳಿದು, ಆರುವ ತನಕ ಕಾದು, ಕ್ಲಾಂಪ್ ಬಿಗಿದೆ. ಎರಡನೇ ಗ್ಯಾಸ್ಕೆಟ್ಟನ್ನು ತೆಗೆದಾಗ ತಾಂಡೇಲ ಅದನ್ನು ನೋಡಿ ನನ್ನನ್ನು ನೋಡಿ, "ಇನ್ನೂ ಏನೇನ್ ಎರಡೆರಡು ತರ್ಸಿದ್ಯಾ?" ಎಂದ. ನಾನು ಬಿಚ್ಚುವ ಎಂದ ಮೇಲೆ ಅವನಾಡಿದ ಮೊದಲ ಮಾತು ಅದು. ಸರಳು ಹಾಕಿ ನೋಡಿದೆ, ಗುರುತು ಸುತ್ತಲೂ ಸಮನಾಗಿಯೇ ಇತ್ತು. ಬಾಲ ಒಂದೇ ಒತ್ತಿಗೆ ಒಳಗೆ ಹೋಯಿತು. ಕೊನೆಯ ನಟ್ಟು ಬಿಗಿಯುವಾಗ ಊರಲ್ಲಿ ದೀಪ ಹಚ್ಚಿ ಬಹಳ ಹೊತ್ತಾಗಿರಲಿಲ್ಲ.

ಆದರೂ ಮನಸ್ಸು ಕೇಳಬೇಕಲ್ಲ. ನಾಳೆ ಕಡಲಲ್ಲಿ ಒಂದು ಹನಿ ಒಳಗೆ ಬಂದರೂ ಗೊತ್ತಾಗಬೇಕು. ತಾಂಡೇಲನ ಹೆಂಡತಿಗೆ, "ತಂಗಿ, ಸ್ವಲ್ಪ ರಂಗೋಲಿ ಹುಡಿ ಕೊಡು, ಎಂಜಿನ್ ಹಿಂದೆ ತಳದಲ್ಲಿ ಚೆಲ್ಲಿಡ್ತೆ. ಹನಿ ಬಿದ್ರೆ ಗುರುತಾಗ್ತದೆ" ಎಂದೆ.

"ಚೆಲ್ಲೂದಾ? ರಂಗೋಲಿ ಹಂಗೆಲ್ಲ ಚೆಲ್ಲೂಕಾಗ ಅಣ್ಣಾ" ಎಂದಳು ಅವಳು. ತಾನೇ ಎಂಜಿನ್ನಿನ ಮುಚ್ಚಳ ತೆಗೆದು, ಹೊಟ್ಟೆಯ ಮೇಲೆ ಬಾಗಿ, ಕೈ ಎಟುಕುವಷ್ಟು ದೂರ ಒಳಗೆ ಚಾಚಿ, ಹಿಂಗೋಡೆಯ ಬುಡದಲ್ಲಿ ಐದು ಚುಕ್ಕಿಯ ಪುಟ್ಟ ರಂಗೋಲಿ ಹಾಕಿದಳು.

ನಸುಕಿನಲ್ಲಿ ಜನ ಮತ್ತೆ ಬಂದರು. ಅಷ್ಟೇ ನಲವತ್ತು. ಎಲ್ಲರಿಗಿಂತ ಮೊದಲು ಬಂದು ನಿಂತಿದ್ದವನು ಅಜ್ಜ. ಬೋಟಿನ ಹೊಟ್ಟೆಯ ಸುತ್ತ, ಮುಂದಿನಿಂದ ಹಿಂದಿನವರೆಗೆ, ಹಳೆಯ ಬಲೆ ಸುತ್ತಿ ಮೆತ್ತಗೆ ಮಾಡಿದ ಹಗ್ಗವನ್ನು ಬಿಗಿದು, ಎರಡೂ ಬದಿ ಹಿಡಿಕೆ ಬಿಟ್ಟಿದ್ದ. ಬಾಲದಿಂದ ಒಂದು ಮೊಳ ದೂರ.

"ಏನಿದು ಅಜ್ಜಾ?"

"ಉಡಿದಾರ" ಎಂದ. "ಬಾಲ ಹಿಡ್ದು ಎಳೂದು ಅಲ್ಲ ಇದ್ನ, ಸೊಂಟ ಹಿಡ್ದು ಎಳೂದು. ನೀ ಹಿಂದೆ ನಿಂತ್ಕಾ. ಯಾರಾದ್ರೂ ಬಾಲ ಮುಟ್ರೆ ಕೂಗು."

ನಾನು ಆಗಲೇ ಲೈಫ್ ಜಾಕೆಟ್ ತೊಟ್ಟಾಗಿತ್ತು. ಮರಳ ಮೇಲೆಯೇ. ಯಾರೂ ನಗಲಿಲ್ಲ, ಅಥವಾ ಕತ್ತಲಲ್ಲಿ ನನಗೆ ಕಾಣಲಿಲ್ಲ. ಅಜ್ಜನ 'ಹೈಸೋ'ಗೆ ಬೋಟು ಉರುಳುಮರಗಳ ಮೇಲೆ ಜಾರಿ, ಮೂರನೇ ಕೂಗಿಗೆ ನೀರು ಮುಟ್ಟಿತು. ಎಂಜಿನ್ ಚಾಲೂ ಮಾಡಿದೆವು. ಹಿಂದಿನಿಂದ ಹೊಗೆಯ ಜೊತೆ ನೀರು ಉಗುಳಿತು, ಪಂಪು ಎಳೆಯುತ್ತಿತ್ತು. ತಾಂಡೇಲ ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ. ಅವನು ಗೇರು ಮುಂದಕ್ಕೆ ತಳ್ಳಿದ. ಕಾಲಡಿಯಲ್ಲಿ 'ಟಕ್' ಎಂದಿತು, ಬೋಟು ಮುಂದೆ ಹೋಯಿತು. ಬಾಲದ ಬೋಟು ನಾನು ಕಟ್ಟಿದ ಬಾಲದಿಂದ ಹೋಗುತ್ತಿದೆ ಎಂಬ ಸಂತೋಷ ಅನುಭವಿಸಲು ನನಗೆ ಪುರಸೊತ್ತಾಗಲಿಲ್ಲ. ಕಾರವಾರ ಬರುವ ತನಕ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡಿದ್ದೆ. ತಾಂಡೇಲ ಬೇಕೆಂದೇ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದ. ಹಾಗೆ ತಿರುಗಿಸು ಎಂದು ಹೇಳಿದ್ದು ನಾನೇ.

ಧಕ್ಕೆಯಲ್ಲಿ ಸರ್ವೆಯರ್ ಸಾಹೇಬರು ಕಾಗದ ನೋಡಿದರು, ಲೈಫ್ ಜಾಕೆಟ್ ಎಣಿಸಿದರು. ಒಂದು ನನ್ನ ಮೈಮೇಲಿತ್ತು, ಬಿಚ್ಚಿಕೊಟ್ಟೆ. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಓದಿದರು. ಬಾಲವನ್ನು ಎತ್ತಿ ಇಳಿಸಿ ಎಂದರು, ನೋಡಿದರು, ಅಷ್ಟೇ. ಆರು ನಟ್ಟುಗಳ ಬಗ್ಗೆ ಒಂದು ಮಾತು ಕೇಳಿಯಾರು ಎಂದು ಕಾದಿದ್ದ ನನಗೆ ನಿರಾಸೆಯೇ ಆಯಿತು. ಕೊನೆಗೆ ಎಂಜಿನ್ನಿನ ಮುಚ್ಚಳ ತೆಗೆಸಿ, ಟಾರ್ಚ್ ಹಾಕಿ ಹಿಂಗೋಡೆಯ ಬುಡಕ್ಕೆ ಇಣುಕಿದರು. ಹಾಗೆಯೇ ಬಾಗಿ ಸುಮಾರು ಹೊತ್ತು ನಿಂತರು.

"ಇದೇನ್ರೀ ಇದು?"

"ರಂಗೋಲಿ ಸರ್."

"ಬೋಟಿನ ತಳದಾಗ?"

"ನೀರು ಬಂದ್ರೆ ಅಳಿಸಿ ಹೋಗ್ತದೆ ಸರ್. ನೋಡೋಕೆ ಅಂತ."

ನಾನೂ ಇಣುಕಿದೆ. ಎಂಜಿನ್ನಿನ ನಡುಕಕ್ಕೆ ಗೆರೆಗಳು ಸ್ವಲ್ಪ ಅಗಲವಾಗಿದ್ದವು. ಐದು ಚುಕ್ಕಿ ಐದೂ ಬೆಳ್ಳಗಿದ್ದವು.

ಸಾಹೇಬರು ಟಾರ್ಚ್ ಆರಿಸಿ, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಸಹಿ ಮಾಡಿದರು. ತಾಂಡೇಲ ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒದ್ದೆಯಾಗದಂತೆ ಅಂಗಿಯೊಳಗೆ ಇಟ್ಟುಕೊಂಡ. ನನಗೆ ಏನೋ ಹೇಳಬೇಕೆಂದು ಬಾಯಿ ತೆರೆದ. "ಮುಚ್ಚಳ..." ಎಂದು ಶುರುಮಾಡಿ, ಎಂಜಿನ್ನಿನ ಮುಚ್ಚಳವನ್ನು ತಾನೇ ಎತ್ತಿ ಮುಚ್ಚಿದ.

ಮಧ್ಯಾಹ್ನ ಹಾರವಾಡಕ್ಕೆ ಮರಳಿದಾಗ ಅಜ್ಜ ನೀರಿನ ಅಂಚಿನಲ್ಲೇ ನಿಂತಿದ್ದ. ಪಾಸಾಯಿತೇ ಎಂದು ಕೇಳಲಿಲ್ಲ. "ಹಗ್ಗ ಎಲ್ಲಾದ್ರೂ ತಿಕ್ತಾ ತಮಾ?" ಎಂದ. ನಾನು ಅವನನ್ನು ಬೋಟಿಗೆ ಹತ್ತಿಸಿಕೊಂಡು, ಮುಚ್ಚಳ ತೆಗೆದು, ಅವನ ಅದೇ ಕಿರುಬೆರಳನ್ನು ಹಿಡಿದು ತಳಕ್ಕೆ ಮುಟ್ಟಿಸಿದೆ. ಈ ಸಲ ಬೇರೆ ಯಾರೂ ನೋಡುತ್ತಿರಲಿಲ್ಲ. ಬೆರಳು ಬಿಳಿ ಹುಡಿ ಹತ್ತಿಸಿಕೊಂಡು ಮೇಲೆ ಬಂತು. ಅಜ್ಜ ಅದನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದ.

"ಒಣ" ಎಂದ.

ಆಮೇಲೆ ಇಳಿದು, ಉಡಿದಾರ ಮತ್ತೆ ಬಿಗಿದು, ಅದರ ಹಿಡಿಕೆಗೆ ಕೈ ಹಾಕಿ, ಊರಿಗೆಲ್ಲ ಕೇಳುವಂತೆ 'ಹೈಸೋ' ಎಂದು ಕೂಗಿದ. ಜನ ಓಡಿಬಂದರು. ನಾನು ಹಿಂದೆ ನಿಂತು ಬಾಲ ಕಾದೆ. ಯಾರೂ ಮುಟ್ಟಲಿಲ್ಲ.